ವಿದ್ಯಾರ್ಥಿಗಳ ಸಂಶೋಧನೆಯನ್ನು ಕೇಳುವವರಾರು?

ಪದವಿ ತರಗತಿಗಳ ವಿದ್ಯಾರ್ಥಿಗಳು ತಾವು ನಡೆಸಿದ ಸಂಶೋಧನೆಯನ್ನು ಸಮ್ಮೇಳನಗಳಲ್ಲಿ ಮಂಡಿಸುವ ಪದ್ಧತಿಯು ನಮ್ಮ ಕಾಲೇಜುಗಳಲ್ಲಿ ಬೇರೂರುತ್ತಿದೆ. ಇದು ಸಂತೋಷದ ಸಂಗತಿಯೇ ಸರಿ. ಪಾಠವನ್ನು ಬರೆದುಕೊಂಡು ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸಿ ಹೊರಬೀಳುತ್ತಿದ್ದ ತರುಣನು ತಾನಾಗಿಯೇ ಒಂದು ಪ್ರಶ್ನೆಯನ್ನು ಹಿಡಿದು ಉತ್ತರವನ್ನು ಅರಸಹೊರಟರೆ ಯಾರು ತಾನೆ ಬೇಡವೆಂದಾರು? ಆದರೆ ಇಂತಹ ಸಭೆಗಳಲ್ಲಿ ಸಂಜೆಯವರೆಗೂ ಕುಳಿತು ನೋಡಿದವರಿಗೆ ಇನ್ನೊಂದು ಸಂಗತಿಯೂ ತಿಳಿದಿರಬೇಕು. ಬೆಳಗಿನ ಉದ್ಘಾಟನೆಗೆ ನೆರೆದ ಗಣ್ಯರು ಹಾರತುರಾಯಿಗಳನ್ನು ಸ್ವೀಕರಿಸಿ ತೆರಳುತ್ತಾರೆ. ಊಟವಾದ ಮೇಲೆ ವಿದ್ಯಾರ್ಥಿಗಳ ಸರದಿ. ಒಬ್ಬೊಬ್ಬರಿಗೆ ಐದೋ ಹತ್ತೋ ನಿಮಿಷ; ಪರದೆಯ ಮೇಲಿನ ಅಕ್ಷರಗಳನ್ನು ಓದಿ ಮುಗಿಸುವಷ್ಟರಲ್ಲಿ ಕಾಲಾವಕಾಶ ತೀರಿತು; ಪ್ರಶ್ನೆ ಕೇಳುವವರಿಲ್ಲ; ಪ್ರಮಾಣಪತ್ರ ಕೈಸೇರಿತು.

ಈ ದೋಷವನ್ನು ಹುಡುಗರ ತಲೆಗೆ ಕಟ್ಟುವುದು ಅನ್ಯಾಯ. ನ್ಯಾಕ್ ಸಂಸ್ಥೆಯು ಕಾಲೇಜುಗಳ ಮೌಲ್ಯಮಾಪನವನ್ನು ಮಾಡುವಾಗ ಗೋಷ್ಠಿಗಳ, ಲೇಖನಗಳ ಸಂಖ್ಯೆಯೂ ಲೆಕ್ಕಕ್ಕೆ ಬರುವುದರಿಂದ, ಸಂಖ್ಯೆಯನ್ನು ಕೂಡಿಸುವ ಆತುರವು ಅಧ್ಯಾಪಕರನ್ನು ಹಿಡಿದಿದೆ. ಸರ್ಕಾರದ ನೀತಿಯೂ ಒಂದೆಡೆ ನಿಂತಿಲ್ಲ. 2021-22ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯು ನಮ್ಮಲ್ಲಿ ಜಾರಿಗೆ ಬಂದು, ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗೆ ಎಡೆಯಾಗುವುದೆಂಬ ಆಸೆ ಹುಟ್ಟಿತು. 2024ರಲ್ಲಿ ಸರ್ಕಾರವು ಮತ್ತೆ ಮೂರು ವರ್ಷದ ಪದವಿಗೇ ಹಿಂದಿರುಗಿತು. ಇಂಜಿನಿಯರಿಂಗ್ ಓದುವವರ ಯೋಜನೆಗಳಿಗೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ದಶಕಗಳಿಂದ ಧನಸಹಾಯವನ್ನಿತ್ತು, ಆಯ್ದವನ್ನು ಪ್ರದರ್ಶನಕ್ಕಿಡಿಸುತ್ತ ಬಂದಿದೆ. ಗುಬ್ಬಿಯ ಅಥವಾ ಕುಣಿಗಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ಓದುವ ರೈತರ ಮಗಳಿಗೆ ಅಂತಹ ಆಸರೆ ಎಲ್ಲಿದೆ?

ದೊಡ್ಡ ಉಪಕರಣಗಳಿಲ್ಲದೆ ಏನು ಸಾಧ್ಯವೆಂದು ಕೇಳುವವರುಂಟು. ಸಿ. ವಿ. ರಾಮನ್ನರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, ಅಲ್ಲಿದ್ದ ಸಾಮಾನ್ಯ ಸಲಕರಣೆಗಳಿಂದ ಬೆಳಕಿನ ವರ್ತನೆಯನ್ನು ಕುರಿತು ಮಾಡಿದ ಕೆಲಸವು 1906ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲರೂ ರಾಮನ್ನರಾಗಲಾರರು, ನಿಜ. ಆದರೆ ನಮ್ಮ ಹುಡುಗರಿಗೆ ಬೇಕಾದ ಪ್ರಶ್ನೆಗಳು ಮನೆಯ ಬಾಗಿಲಲ್ಲೇ ಬಿದ್ದಿರುವಾಗ, ಅಂತರ್ಜಾಲದಿಂದ ಎತ್ತಿದ ಇಂಗ್ಲಿಷ್ ವಾಕ್ಯಗಳನ್ನು ಅರ್ಥವಾಗದೆಯೇ ಓದುವ ಗತಿ ಅವರಿಗೇಕೆ ಬರಬೇಕು?

ಹೇಮಾವತಿ ನೀರಿನ ವಿಚಾರವನ್ನೇ ನೋಡೋಣ. ತಮ್ಮ ಪಾಲಿನ ನೀರು ನಾಲೆಯ ತುದಿಯವರೆಗೆ ಬಂದು ತಲಪುವುದಿಲ್ಲವೆಂದು ಕುಣಿಗಲಿನವರ ದೂರು. ಅದಕ್ಕಾಗಿ ತೆಗೆಯಹೊರಟ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯಿಂದ ತಮ್ಮ ಕೆರೆಗಳು ಬತ್ತುವುವೆಂದು ಗುಬ್ಬಿ, ತುಮಕೂರಿನವರ ಭಯ. 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ನಡೆದ ಪ್ರತಿಭಟನೆಯು ವಾಚಕರಿಗೆ ನೆನಪಿರಬಹುದು. ಯಾರ ಪಕ್ಷದಲ್ಲಿ ನ್ಯಾಯವಿದೆಯೆಂಬುದನ್ನು ಇಲ್ಲಿ ತೀರ್ಮಾನಿಸಲು ನಾವು ಹೊರಟಿಲ್ಲ. ಆದರೆ ಎರಡೂ ತಾಲ್ಲೂಕುಗಳ ಮಕ್ಕಳು ತುಮಕೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತಾರೆ. ನಾಲೆಯ ನೀರನ್ನು ಸ್ಥೂಲವಾಗಿ ಅಳೆಯುವುದು ಬ್ರಹ್ಮವಿದ್ಯೆಯಲ್ಲ. ನಾಲೆಯ ಅಗಲ, ನೀರಿನ ಆಳ ಗೊತ್ತಿರಬೇಕು. ಅಳತೆಮಾಡಿದ ದೂರವನ್ನು ತೇಲಿಬಿಟ್ಟ ನಿಂಬೆಹಣ್ಣು ಎಷ್ಟು ಸೆಕೆಂಡಿನಲ್ಲಿ ದಾಟಿತೆಂಬುದನ್ನು ಗಡಿಯಾರದಲ್ಲಿ ನೋಡಬೇಕು. ಮೇಲ್ಭಾಗದ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ ಬಂದ ವೇಗವನ್ನು ಸುಮಾರು 0.85ರಿಂದ ಗುಣಿಸಬೇಕು. ಇಲಾಖೆಯ ಅಪ್ಪಣೆ ಪಡೆದು, ಸೇತುವೆಗಳ ಬಳಿ, ಅಧ್ಯಾಪಕರ ಕಣ್ಗಾವಲಿನಲ್ಲಿ ನೀರು ಬಿಟ್ಟ ದಿನಗಳಲ್ಲೆಲ್ಲ ಹೀಗೆ ಅಳೆದು ಬರೆದಿಟ್ಟರೆ, ಎಲ್ಲಿಂದ ಎಲ್ಲಿಗೆ ಎಷ್ಟು ನೀರು ಕಡಿಮೆಯಾಯಿತೆಂಬ ಲೆಕ್ಕ ಸಿಕ್ಕುತ್ತದೆ. ಗುಬ್ಬಿಯ ಹುಡುಗನ ಅಂಕಿಯನ್ನು ಕುಣಿಗಲಿನ ಹುಡುಗಿ ಪರೀಕ್ಷಿಸಲಿ. ಬೀದಿಯಲ್ಲಿ ಈ ಮಾತು ನಡೆಯದು, ಕಾಲೇಜಿನಲ್ಲಿ ನಡೆದೀತು.

ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತನೊಬ್ಬನ ತೋಟದ ಕೆಂಪು ತೊಳೆಯ ಹಲಸನ್ನು ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರದ ವಿಜ್ಞಾನಿಗಳು ಗುರುತಿಸಿದ ಮೇಲೆ ಅದು ‘ಸಿದ್ದು’ ಎಂಬ ತಳಿಯಾಗಿ ದೂರದವರೆಗೆ ಹೆಸರು ಮಾಡಿತು. ಇಂತಹ ಮರಗಳು ಇನ್ನೆಷ್ಟಿವೆಯೋ! ಅವುಗಳ ಪಟ್ಟಿಯನ್ನು ಮಾಡಲು ಎರಡು ಕಾಲು, ಒಂದು ಪುಸ್ತಕ ಸಾಕು.

ಇನ್ನು ಅಧಿಕಾರಿವರ್ಗದವರಿಗೆ ಒಂದು ಮಾತು. ಮಳೆ, ಕೊಳವೆಬಾವಿಯ ಆಳ, ನಾಲೆಗೆ ಬಿಟ್ಟ ನೀರು, ಇವುಗಳ ಲೆಕ್ಕವು ಸರ್ಕಾರಿ ಕಚೇರಿಗಳಲ್ಲಿದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಹತ್ತು ರೂಪಾಯಿ ತೆತ್ತು ಅರ್ಜಿ ಕೊಟ್ಟರೆ ಮೂವತ್ತು ದಿನಗಳೊಳಗೆ ಉತ್ತರ ಬರತಕ್ಕದ್ದು. ಅಷ್ಟರಲ್ಲಿ ಸೆಮಿಸ್ಟರಿನ ಕಾಲು ಭಾಗ ಕಳೆದಿರುತ್ತದೆ. ಹುಡುಗರು ಅಧ್ಯಾಪಕರ ಪತ್ರವನ್ನು ಹಿಡಿದು ಬಂದರೆ ಅಂದೇ ದಾಖಲೆಯನ್ನು ತೋರಿಸಲು ಯಾವ ಕಾನೂನೂ ಅಡ್ಡಿಯಲ್ಲ. ಅವರು ಕಂಡುದನ್ನು ಕನ್ನಡದಲ್ಲಿ ಹೇಳಲಿ. ನಾಲೆಯ ತುದಿಯ ರೈತನೂ ಕೇಳಿ, ತಪ್ಪಿದ್ದಲ್ಲಿ ತಿದ್ದಬೇಕಾದರೆ ಬೇರೆ ದಾರಿಯಿಲ್ಲ. ಮುಂದಿನ ಸಮ್ಮೇಳನದ ಆಹ್ವಾನಪತ್ರಿಕೆಯನ್ನು ಅಚ್ಚಿಗೆ ಕಳುಹಿಸುವ ಪ್ರಾಂಶುಪಾಲರು ನಾಲೆಯ ಇಂಜಿನಿಯರರ ಹೆಸರನ್ನು ಉದ್ಘಾಟಕರ ಸಾಲಿನಿಂದ ತೆಗೆದು, ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಶ್ನೆ ಕೇಳುವವರ ಸಾಲಿನಲ್ಲಿ ಹಾಕಿಸಲಿ. ಇಂಜಿನಿಯರರು ತಮ್ಮ ಕಚೇರಿಯ ನೀರಿನ ಲೆಕ್ಕದ ಪುಸ್ತಕವನ್ನೂ ಜೊತೆಗೆ ತರಲಿ.