ಸ್ಟೋವ್ ಸಿಡಿದಿದ್ದರೆ ಸ್ಟೋವಿಗೆ ಗಾಯವೇಕಿಲ್ಲ?

'ಸ್ಟೋವ್ ಸಿಡಿದು ಗೃಹಿಣಿ ಸಾವು.' ಜಿಲ್ಲಾ ಪುಟದ ಮೂಲೆಯಲ್ಲಿ ಬರುತ್ತಿದ್ದ ಈ ನಾಲ್ಕು ಸಾಲಿನ ಸುದ್ದಿಯನ್ನು ನನ್ನ ವಯಸ್ಸಿನವರು ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಮಳೆಯ ವರದಿ, ಕೊಬ್ಬರಿ ಧಾರಣೆಯ ಹಾಗೆ ಅದೂ ಒಂದಾಗಿಬಿಟ್ಟಿತ್ತು. ಆಗ ಸೀಮೆಎಣ್ಣೆ ಸ್ಟೋವು ಹೋಟೆಲುಗಳಲ್ಲಿತ್ತು, ಟೀ ಗಾಡಿಗಳಲ್ಲಿತ್ತು, ಓದಲು ಬಂದ ಹುಡುಗರ ರೂಮುಗಳಲ್ಲಿತ್ತು. ಅಲ್ಲೆಲ್ಲ ಅಪರೂಪಕ್ಕೆ ಸಿಡಿಯುತ್ತಿದ್ದ ಸ್ಟೋವು ಹೊಸದಾಗಿ ಮನೆಗೆ ಬಂದ ಸೊಸೆಯ ಮುಂದೆ ಮಾತ್ರ ಯಾಕೆ ಅಷ್ಟು ಸಲ ಸಿಡಿಯುತ್ತಿತ್ತು ಎಂದು ನಾವು ಕೇಳಲಿಲ್ಲ.

ಇದನ್ನು ಕೇಳಬೇಕಾದ ಕುರ್ಚಿಯಲ್ಲೇ ನಾನು ಕೂತಿದ್ದೆ. ಮೆಡಿಕಲ್ ಕಾಲೇಜೊಂದರ ಫೊರೆನ್ಸಿಕ್ ವಿಭಾಗದಲ್ಲಿ ಪಾಠ ಮಾಡಿ, ಶವಪರೀಕ್ಷೆ ಮಾಡಿ, ಮಾಡಿಸಿ ನಿವೃತ್ತನಾದವನು. ಆದ್ದರಿಂದ ಈ ಬರಹದ ಮೊದಲ ಆರೋಪಿ ನಾನೇ.

ಪದ್ಧತಿ ಹೀಗಿರುತ್ತದೆ. ಸುಟ್ಟಗಾಯದಿಂದ ಹೆಂಗಸೊಬ್ಬಳು ಸತ್ತರೆ ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ದಾಖಲಾಗುತ್ತದೆ. ಪಂಚನಾಮೆ ಆಗುತ್ತದೆ. ಶವದ ಜೊತೆ ಒಂದು ಫಾರಂ ಬರುತ್ತದೆ. ಅದರಲ್ಲಿ 'ಅಡುಗೆ ಮಾಡುವಾಗ ಆಕಸ್ಮಿಕವಾಗಿ ಸ್ಟೋವ್ ಸಿಡಿದು' ಎಂದು ಆಗಲೇ ಬರೆದಿರುತ್ತದೆ. ಡಾಕ್ಟರು ಹೊದಿಕೆ ಸರಿಸುವ ಮೊದಲು ಈ ಸಾಲನ್ನು ಓದುತ್ತಾರೆ. ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಡಾಕ್ಟರು ಫೊರೆನ್ಸಿಕ್ ಓದಿದವರೂ ಅಲ್ಲ. ಹೊರಗೆ ಓಪಿಡಿಯಲ್ಲಿ ನೂರು ಜನ ಕಾದಿರುತ್ತಾರೆ. 'ಸುಟ್ಟಗಾಯಗಳಿಂದಾದ ಆಘಾತದಿಂದ ಸಾವು' ಎಂದು ಬರೆದು ಸಹಿ ಹಾಕುತ್ತಾರೆ. ಅದು ಸುಳ್ಳಲ್ಲ. ಆದರೆ ಬೆಂಕಿ ಎಲ್ಲಿಂದ ಬಂತು ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ.

ದೇಹ ಈ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಕೊಡುತ್ತದೆ. ಸ್ಟೋವಿನ ಮುಂದೆ ಕೂತವಳಿಗೆ ಬೆಂಕಿ ಹತ್ತಿದರೆ ಸಾಮಾನ್ಯವಾಗಿ ಮೊದಲು ಸುಡುವುದು ತೊಡೆಯ ಮುಂಭಾಗ, ಹೊಟ್ಟೆ, ಎದೆ, ಕೈಗಳು. ಮೈಮೇಲೆ ಸೀಮೆಎಣ್ಣೆ ಸುರಿದಿದ್ದರೆ ನೆತ್ತಿಯಿಂದ ಕೆಳಕ್ಕೆ, ಬೆನ್ನಿನ ಮೇಲೂ ಸುಟ್ಟಿರುತ್ತದೆ. ಉಳಿದ ಕೂದಲಿನಲ್ಲಿ ಎಣ್ಣೆಯ ವಾಸನೆ ಇರುತ್ತದೆ. ಬೆಂಕಿ ಹತ್ತಿದಾಗ ಉಸಿರಾಡುತ್ತಿದ್ದವಳ ಶ್ವಾಸನಾಳದಲ್ಲಿ ಮಸಿ ಸಿಗುತ್ತದೆ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸಿಗುತ್ತದೆ. ಇವೆರಡೂ ಇಲ್ಲದೆ ಸ್ಥಳದಲ್ಲೇ ಸತ್ತಿದ್ದರೆ, ಅವಳು ಬೆಂಕಿಗೆ ಮೊದಲೇ ಸತ್ತಿದ್ದಳೇ ಎಂದು ಕುತ್ತಿಗೆಯನ್ನು ಬಿಡಿಸಿ ನೋಡಬೇಕಾಗುತ್ತದೆ. ಇದೆಲ್ಲ ಎಂಬಿಬಿಎಸ್ ಪಠ್ಯದಲ್ಲೇ ಇದೆ. ಪರೀಕ್ಷೆಯಲ್ಲಿ ಐದು ಮಾರ್ಕಿನ ಪ್ರಶ್ನೆಯಾಗಿ ಬರುತ್ತದೆ.

ಮೈಯೆಲ್ಲ ಬೆಂದು ಹೋಗಿದ್ದರೆ ಏನೂ ಹೇಳಲಾಗದು, ನಿಜ. ತಾನೇ ಸುರಿದುಕೊಂಡಳೋ ಇನ್ನೊಬ್ಬರು ಸುರಿದರೋ ಎನ್ನುವುದನ್ನೂ ದೇಹ ನೋಡಿ ಹೇಳುವುದು ಕಷ್ಟ. ಆದರೆ ನೆತ್ತಿಯಿಂದ ಬೆನ್ನಿಗೆ ಎಣ್ಣೆ ಇಳಿದಿದ್ದರೆ 'ಇದು ಸ್ಟೋವ್ ಸಿಡಿತವೆಂಬ ಹೇಳಿಕೆಗೆ ಹೊಂದುವುದಿಲ್ಲ' ಎಂದಂತೂ ಬರೆಯಬಹುದು. ನಾನು ನೋಡಿದ ವರದಿಗಳಲ್ಲಿ ಆ ಒಂದು ಸಾಲು ಇದ್ದದ್ದು ಬೆರಳೆಣಿಕೆಯಷ್ಟರಲ್ಲಿ.

ಒಂದು ದಿನ ರೈತನೊಬ್ಬ ಗೋಣಿಚೀಲ ಹಿಡಿದು ನಮ್ಮ ವಿಭಾಗಕ್ಕೆ ಬಂದ. ಹಿಂದಿನ ವಾರ ಮಗಳ ಶವಪರೀಕ್ಷೆಯಾಗಿತ್ತು. ಚೀಲದಿಂದ ಹಿತ್ತಾಳೆಯ ಪಂಪ್ ಸ್ಟೋವ್ ತೆಗೆದು ನನ್ನ ಮೇಜಿನ ಮೇಲಿಟ್ಟ. "ಸ್ವಾಮಿ, ಇದೇ ಸ್ಟೋವು. ಎಲ್ಲಿ ಸಿಡಿದೈತೆ ನೀವೇ ತೋರ್ಸಿ" ಅಂದ. ಟ್ಯಾಂಕ್ ಉಬ್ಬಿರಲಿಲ್ಲ, ಬಿರುಕಿರಲಿಲ್ಲ, ಪಂಪು ಕೂಡ ಸರಿಯಾಗಿತ್ತು. ನಾನು "ಯಜಮಾನರೇ, ಇದು ನಮಗೆ ಸಂಬಂಧಪಟ್ಟದ್ದಲ್ಲ, ಠಾಣೆಗೆ ಕೊಡಿ" ಅಂದೆ. ಅವನು ಠಾಣೆಯಿಂದಲೇ ನನ್ನ ಹತ್ತಿರ ಬಂದಿದ್ದ. ಸ್ಟೋವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದ.

ಆಮೇಲೆ ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ನನ್ನ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಸುಟ್ಟಗಾಯದ ಸಾವುಗಳ ಮೇಲೆ ಪ್ರಬಂಧ ಬರೆಯುತ್ತಿದ್ದ. ವಯಸ್ಸು, ಲಿಂಗ, ತಿಂಗಳು, ಹಗಲೋ ರಾತ್ರಿಯೋ, ಹಳ್ಳಿಯೋ ಪಟ್ಟಣವೋ, ಶೇಕಡಾ ಎಷ್ಟು ಸುಟ್ಟಿತ್ತು, ಎಲ್ಲಕ್ಕೂ ಕೋಷ್ಟಕ. ಕೊನೆಯದು 'ಸಾವಿನ ಬಗೆ': ಆಕಸ್ಮಿಕ, ಆತ್ಮಹತ್ಯೆ, ಕೊಲೆ. ಈ ಕೊನೆಯ ಕೋಷ್ಟಕವನ್ನು ತುಂಬಿದ್ದು ಪೊಲೀಸರ ಅದೇ ಫಾರಂ ನೋಡಿ. ಆ ರೈತನ ಮಗಳು 'ಆಕಸ್ಮಿಕ' ಎಂಬ ಕಾಲಮ್ಮಿನಲ್ಲಿ ಒಂದು ಅಂಕಿಯಾದಳು. ಸಿಂಥೆಟಿಕ್ ಸೀರೆ ಉಟ್ಟು ಅಡುಗೆ ಮಾಡಬಾರದೆಂದು ಮಹಿಳೆಯರಲ್ಲಿ ಜಾಗೃತಿ ಮೂಡಿಸಬೇಕು ಎಂಬ ಸಲಹೆಯೊಂದಿಗೆ ಪ್ರಬಂಧ ಮುಗಿಯಿತು. ಮಾರ್ಗದರ್ಶಕನಾಗಿ ನಾನು ಸಹಿ ಹಾಕಿದೆ.

ಇದು ಸಂಶೋಧನೆಯಲ್ಲ, ಠಾಣೆಯ ಕಾಗದದ ನಕಲು. ನಕಲಿಗೆ ಶೇಕಡಾವಾರು ಹಚ್ಚಿದರೆ ಅದು ವೈದ್ಯರ ಅಭಿಪ್ರಾಯವಾಗುತ್ತದೆ. ಮುಂದಿನ ವರ್ಷ ಇನ್ನೊಂದು ಕಾಲೇಜಿನವರು ಅದನ್ನು ಉಲ್ಲೇಖಿಸುತ್ತಾರೆ. ಹೆಚ್ಚಿನವು ಆಕಸ್ಮಿಕವೆಂದು ವಿಜ್ಞಾನವೇ ಹೇಳಿದೆ ಎಂದಾಗುತ್ತದೆ. ವಿಜ್ಞಾನ ಆ ವಿಷಯವನ್ನು ನೋಡಿರಲೇ ಇಲ್ಲ.

ನಾವು ನೋಡದಿದ್ದನ್ನು ನೋಡಿದವರು ಬೇರೆಯವರು. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ತೊಂಬತ್ತರ ದಶಕದಲ್ಲಿ ಠಾಣೆಗಳ ದಾಖಲೆ ಹಿಡಿದು ಕೂತರು, ಸುಟ್ಟಗಾಯದ ವಾರ್ಡಿಗೆ ಹೋದರು. 1997ರಲ್ಲಿ ಬೆಂಗಳೂರಿನಲ್ಲಿ 1,133 ಹೆಂಗಸರ ಅಸಹಜ ಸಾವುಗಳಾದವು. ಅವುಗಳಲ್ಲಿ ಕೊಲೆ ಎಂದು ಪರಿಗಣಿಸಿದ್ದು 157, ಆತ್ಮಹತ್ಯೆ 546, ಆಕಸ್ಮಿಕ 430. ಈ ಅಂಕಿಗಳನ್ನು 1999ರಲ್ಲಿ ಫ್ರಂಟ್‌ಲೈನ್ ಪತ್ರಿಕೆ ಪ್ರಕಟಿಸಿತು. ಶವಾಗಾರದ ಒಳಗಿದ್ದ ನಮಗೆ ಕಾಣದ ಆ 430ರ ಮೇಲಿನ ಅನುಮಾನ ಹೊರಗಿದ್ದವರಿಗೆ ಕಂಡಿತು.

ಆಮೇಲೆ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇಡೀ ದೇಶದ ಲೆಕ್ಕ ಹಾಕಿತು. 2001ರ ಒಂದೇ ವರ್ಷದಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಎಂಬುದು ಅದರ ಅಂದಾಜು. ಅವರಲ್ಲಿ ಸುಮಾರು 1,06,000 ಹೆಂಗಸರು, ಹೆಚ್ಚಿನವರು 15ರಿಂದ 34 ವರ್ಷದವರು. ಒಟ್ಟು ಸಂಖ್ಯೆ ಪೊಲೀಸರ ಲೆಕ್ಕಕ್ಕಿಂತ ಆರು ಪಟ್ಟು. ಅಂದರೆ ನಾವು ಯಾವ ಕಾಗದವನ್ನು ನಂಬಿ ಕೋಷ್ಟಕ ತುಂಬಿದೆವೋ ಅದರಲ್ಲಿ ಸತ್ತವರ ಸಂಖ್ಯೆಯೇ ಸರಿಯಿರಲಿಲ್ಲ. ಸತ್ತ ಕಾರಣ ಸರಿಯಿತ್ತೆಂದು ಯಾವ ಧೈರ್ಯದ ಮೇಲೆ ನಂಬಿದೆವು?

ಸಹೋದ್ಯೋಗಿಗಳ ಉತ್ತರ ನನಗೆ ಗೊತ್ತು. "ಸಾವಿನ ಕಾರಣ ಹೇಳುವುದಷ್ಟೇ ನಮ್ಮ ಕೆಲಸ. ಕೊಲೆಯೋ ಆಕಸ್ಮಿಕವೋ ತೀರ್ಮಾನಿಸುವುದು ಪೊಲೀಸರು, ನ್ಯಾಯಾಲಯ." ಒಪ್ಪೋಣ. ಹಾಗಾದರೆ ನಿಮ್ಮ ಪ್ರಬಂಧದಲ್ಲಿ 'ಆಕಸ್ಮಿಕ ಶೇಕಡಾ ಇಷ್ಟು' ಎಂದು ಏಕೆ ಅಚ್ಚು ಹಾಕುತ್ತೀರಿ? 'ಪೊಲೀಸರ ಹೇಳಿಕೆ' ಎಂದು ಒಂದು ಕಾಲಂ, 'ದೇಹದಲ್ಲಿ ಕಂಡದ್ದು' ಎಂದು ಇನ್ನೊಂದು, 'ಎರಡೂ ಹೊಂದುತ್ತವೆಯೇ' ಎಂದು ಮೂರನೆಯದು ಮಾಡಿ. 'ನಿರ್ಧರಿಸಲಾಗದು' ಎಂದು ಬರೆಯಲು ನಾಚಿಕೆ ಬೇಡ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ತಿಂಗಳುಗಟ್ಟಲೆ ತಡವಾಗಿ ಬಂದರೂ, ಬಂದ ಮೇಲೆ ಹಳೆಯ ಫೈಲು ತೆಗೆದು ತಿದ್ದಿ.

ಇನ್ನೊಂದು ಉತ್ತರವೂ ಇದೆ. "ಅವಳೇ ಮರಣ ಹೇಳಿಕೆ ಕೊಟ್ಟಿದ್ದಾಳೆ, ಸ್ಟೋವ್ ಸಿಡಿಯಿತು ಅಂತ." ವಾರ್ಡಿನ ಬಾಗಿಲಲ್ಲಿ ಗಂಡ, ಅತ್ತೆ ನಿಂತಿರುತ್ತಾರೆ, ಅವರ ಕಂಕುಳಲ್ಲಿ ಅವಳ ಕೂಸಿರುತ್ತದೆ. ತಾನು ಸತ್ತ ಮೇಲೆ ಅದನ್ನು ಸಾಕುವವರು ಯಾರು ಎಂಬುದು ಅವಳಿಗೆ ಗೊತ್ತು. ಅಂಥವಳ ಮಾತನ್ನು ಗೌರವದಿಂದ ಬರೆದುಕೊಳ್ಳಬೇಕು, ಹಾಗೆಯೇ ಗಾಯಗಳ ಜೊತೆ ಹೋಲಿಸಿಯೂ ನೋಡಬೇಕು.

"ಸುಳ್ಳು ಕೇಸುಗಳಿಂದ ನಿರಪರಾಧಿ ಗಂಡಂದಿರು ಜೈಲಿಗೆ ಹೋಗುತ್ತಾರಲ್ಲ?" ಎನ್ನುವವರಿಗೂ ಹೇಳುವುದು ಇದನ್ನೇ. ಸ್ಟೋವ್ ನಿಜವಾಗಿ ಸಿಡಿದಿದ್ದರೆ ಟ್ಯಾಂಕ್ ಒಡೆದಿರುತ್ತದೆ ಅಥವಾ ಕೆಟ್ಟ ಭಾಗವೊಂದು ಸಿಗುತ್ತದೆ, ಗೋಡೆಯ ಮೇಲೆ ಗುರುತಿರುತ್ತದೆ, ಅವಳ ಗಾಯ ಮುಂಭಾಗದಲ್ಲಿರುತ್ತದೆ. ಅದನ್ನು ಬರೆದಿಟ್ಟ ವರದಿಯೇ ಆ ಗಂಡನನ್ನು ಕಾಯುತ್ತದೆ. ಉಡಾಫೆಯ ಶವಪರೀಕ್ಷೆಯಿಂದ ಲಾಭವಾಗುವುದು ಅಪರಾಧಿಗೆ ಮಾತ್ರ.

ಮದುವೆಯಾದ ಏಳು ವರ್ಷದೊಳಗಿನ ಸಾವುಗಳಿಗೆ ವಿಶೇಷ ಗಮನ ಕೊಡುವ ನಿಯಮ 1983ರಿಂದ ಕಾನೂನಿನಲ್ಲಿದೆ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಎಂಟನೆಯ ವರ್ಷ ಸತ್ತವಳ ಬಗ್ಗೆ ಯಾರಾದರೂ ಅನುಮಾನ ಪಡಬೇಕು. ತವರಿನವರು ಬಡವರಾದರೆ ಅನುಮಾನ ಪಡುವವರು ಯಾರು? ಆ ಕೆಲಸ ಡಾಕ್ಟರದು.

ಈಗ ಸೀಮೆಎಣ್ಣೆ ಸ್ಟೋವು ಮನೆಗಳಿಂದ ಹೆಚ್ಚುಕಡಿಮೆ ಹೋಗಿದೆ, ಗ್ಯಾಸ್ ಬಂದಿದೆ. ಇದೆಲ್ಲ ಹಳೆಯ ಕಥೆ ಅನ್ನಿಸಬಹುದು. ಆದರೆ ಫಾರಂ ಹಾಗೆಯೇ ಇದೆ. ಈಗ ಅದರಲ್ಲಿ 'ಜೀವನದಲ್ಲಿ ಜಿಗುಪ್ಸೆಗೊಂಡು ನೇಣು ಬಿಗಿದುಕೊಂಡು' ಎಂದು ಬರುತ್ತದೆ. ನೇಣಿನ ಗುರುತು ಸಾಮಾನ್ಯವಾಗಿ ಕುತ್ತಿಗೆಯ ಮೇಲ್ಭಾಗದಲ್ಲಿ ಓರೆಯಾಗಿ ಮೇಲಕ್ಕೇರುತ್ತದೆ. ಹಗ್ಗ ಸುತ್ತಿ ಬಿಗಿದ ಗುರುತು ಕೆಳಗೆ, ಅಡ್ಡಕ್ಕೆ, ಸುತ್ತಲೂ ಇರುತ್ತದೆ. ಇದೂ ಪಠ್ಯದಲ್ಲೇ ಇದೆ.

ಶವಾಗಾರದಲ್ಲಿ ಕೆಲಸ ಮಾಡುವ ಯುವ ವೈದ್ಯರಲ್ಲಿ ನನ್ನದೊಂದು ಕೋರಿಕೆ. ಫಾರಂ ಅನ್ನು ಕೊನೆಗೆ ಓದಿ. ಮೊದಲು ದೇಹ ನೋಡಿ, ಕಂಡದ್ದನ್ನು ಬರೆಯಿರಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಚೀಲ ಹಿಡಿದುಕೊಂಡು ಯಾರಾದರೂ ಬಂದರೆ ಕೂರಿಸಿ, ಸ್ಟೋವನ್ನು ನೋಡಿ, ನೋಡಿದ್ದನ್ನು ಬರೆದು ತನಿಖಾಧಿಕಾರಿಗೆ ಕಳಿಸಿ. ನನ್ನ ಮೇಜಿನ ತನಕ ಬಂದಿದ್ದ ಸಾಕ್ಷ್ಯವನ್ನು ನಾನು ವಾಪಸ್ ಕಳಿಸಿದೆ. ನೀವು ಕಳಿಸಬೇಡಿ.