ಏಳರ ಸೈರನ್ ಸರಿ, ಐದರ ಮೈದಾನ ಎಲ್ಲಿ?

ಮಕ್ಕಳ ಕೈಯಿಂದ ಮೊಬೈಲ್ ಕಸಿಯೋದು ಅರ್ಧ ಕೆಲಸ. ಉಳಿದ ಅರ್ಧ ಊರಿನವರದು

ಕಾಗವಾಡ ದಾಟಿದರೆ ಮಿರಜ್, ಅಲ್ಲಿಂದ ಸಾಂಗಲಿ. ನಮ್ಮ ಅಥಣಿ, ಚಿಕ್ಕೋಡಿ ಭಾಗದ ಜನ ದವಾಖಾನೆಗೆ, ಖರೀದಿಗೆ ಹೋಗಿ ಬರುವ ದಾರಿ ಇದು. ಅದೇ ಸಾಂಗಲಿ ಜಿಲ್ಲೆಯ ಕಡೇಗಾಂವ ತಾಲ್ಲೂಕಿನಲ್ಲಿ ಮೋಹಿತ್ಯಾಂಚೆ ವಡಗಾಂವ ಅಂತ ಒಂದು ಊರಿದೆ. ಅಲ್ಲಿ 2022ರಲ್ಲಿ ಒಂದು ಪದ್ಧತಿ ಶುರುವಾಯಿತು. ಸಂಜೆ ಏಳಕ್ಕೆ ಗುಡಿಯ ಸೈರನ್ ಕೂಗುತ್ತದೆ, ಮನೆಮನೆಯಲ್ಲೂ ಟಿವಿ, ಮೊಬೈಲ್ ಬಂದ್. ಎಂಟೂವರೆಗೆ ಇನ್ನೊಮ್ಮೆ ಸೈರನ್. ನಡುವಿನ ಒಂದೂವರೆ ಗಂಟೆ ಮಕ್ಕಳು ಓದಬೇಕು, ದೊಡ್ಡವರು ಕೂತು ಮಾತಾಡಬೇಕು. ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕೆಂದು ಕೈಗೆ ಬಂದ ಫೋನು ಶಾಲೆ ಶುರುವಾದ ಮೇಲೂ ಕೈಬಿಡಲಿಲ್ಲ, ಮಕ್ಕಳ ಲಕ್ಷ್ಯ ಪಾಠದ ಮೇಲಿಲ್ಲ ಎಂದು ಶಿಕ್ಷಕರು ಹೇಳಿದ್ದೇ ಇದಕ್ಕೆ ಮೂಲ.

ಅತ್ತ ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನೇ ನಿಷೇಧಿಸಿದೆ. ಜವಾಬ್ದಾರಿ ಹೊರಿಸಿದ್ದು ಮಕ್ಕಳ ಮೇಲೂ ಅಲ್ಲ, ತಾಯಿ ತಂದೆ ಮೇಲೂ ಅಲ್ಲ, ಕಂಪನಿಗಳ ಮೇಲೆ. ನಿಯಮ ಮುರಿದರೆ ಸುಮಾರು 5 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಅಂಥದ್ದೇ ಕಾನೂನು ನಮ್ಮಲ್ಲೂ ಬೇಕು ಅನ್ನೋ ಮಾತು ಚಹಾ ಅಂಗಡಿ ಕಟ್ಟೆವರೆಗೂ ಬಂದಿದೆ.

ಸೈರನ್ ಇರಲಿ, ಕಾನೂನು ಬರಲಿ. ಆದರೆ ಎರಡೂ ಒಂದು ಪ್ರಶ್ನೆಗೆ ಉತ್ತರ ಕೊಡೋದಿಲ್ಲ: ಫೋನ್ ಕೆಳಗಿಟ್ಟ ಹುಡುಗ ಎಲ್ಲಿಗೆ ಹೋಗಬೇಕು?

ಅಂಕಿಅಂಶ ಏನು ಹೇಳುತ್ತೆ

ಗ್ರಾಮೀಣ ಭಾರತದ ಮಕ್ಕಳ ಕಲಿಕೆ ಬಗ್ಗೆ ಪ್ರಥಮ್ ಸಂಸ್ಥೆ ನಡೆಸುವ ‘ಅಸರ್’ ಸಮೀಕ್ಷೆಯ 2024ರ ವರದಿ ನೋಡಿ. 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಅದನ್ನು ಬಳಸಲು ಬರುವವರು ಶೇ 82. ಹಿಂದಿನ ಒಂದು ವಾರದಲ್ಲಿ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದೆವು ಎಂದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದೆವು ಎಂದವರು ಶೇ 76. ‘ಓದಾಕಂತ ಕೊಡಿಸೇವ್ರಿ’ ಅನ್ನೋ ಮಾತಿನ ನಿಜ ಈ ಎರಡು ಅಂಕಿಗಳ ನಡುವೆ ಇದೆ.

ಇನ್ನೊಂದು ಲೆಕ್ಕ ಆಟದ್ದು. ಮಕ್ಕಳು, ಹದಿಹರೆಯದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು, ಓಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದೇ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದಲ್ಲಿ 11ರಿಂದ 17 ವರ್ಷದವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಅಷ್ಟು ಚಟುವಟಿಕೆ ಇಲ್ಲ. ಹುಡುಗಿಯರ ಸ್ಥಿತಿ ಹುಡುಗರಿಗಿಂತ ಇನ್ನಷ್ಟು ಕೆಳಗೆ.

ಮನಸ್ಸಿನ ವಿಷಯಕ್ಕೆ ಬಂದರೆ, ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅಂದರೆ 40 ಮಕ್ಕಳ ಒಂದು ತರಗತಿಯಲ್ಲಿ ಸುಮಾರು ಮೂವರು. ಕೊರೊನಾಕ್ಕೂ ಮುಂಚಿನ ಲೆಕ್ಕ ಇದು.

ಫೋನೇ ಕಾರಣವೇ?

ಇಲ್ಲಿ ಅವಸರದ ತೀರ್ಪು ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ ತಮ್ಮ 2024ರ ಪುಸ್ತಕದಲ್ಲಿ, ಮಕ್ಕಳ ಆತಂಕ, ಖಿನ್ನತೆ ಹೆಚ್ಚಲು ಸ್ಮಾರ್ಟ್‌ಫೋನೇ ದೊಡ್ಡ ಕಾರಣ ಅಂತ ವಾದಿಸಿದ್ದಾರೆ. ಕೇಂದ್ರ ಸರ್ಕಾರದ 2024-25ರ ಆರ್ಥಿಕ ಸಮೀಕ್ಷೆ ಕೂಡ ಆ ಪುಸ್ತಕವನ್ನು ಉಲ್ಲೇಖಿಸಿದೆ. ಆದರೆ ಇದೇ ವಿಷಯ ಅಧ್ಯಯನ ಮಾಡಿದ ಬೇರೆ ತಜ್ಞರು, ಮೊದಲೇ ಮನಸ್ಸು ಕುಗ್ಗಿದ ಮಕ್ಕಳು ಹೆಚ್ಚು ಫೋನ್ ಹಿಡಿಯುತ್ತಿರಬಹುದು, ಕಾರಣ ಯಾವುದು ಪರಿಣಾಮ ಯಾವುದು ಅಂತ ಇನ್ನೂ ಸಾಬೀತಾಗಿಲ್ಲ ಎನ್ನುತ್ತಾರೆ.

ಜಗಳ ಕಡಿಮೆ ಇರುವ ಜಾಗ ಒಂದಿದೆ. ದಿನಕ್ಕಿರೋದು 24 ತಾಸು. ಫೋನಿಗೆ ಹೋದ ತಾಸು ಬೇರೆ ಯಾವುದರಿಂದಲೋ ಕಡಿತ ಆಗಿರಲೇಬೇಕು. ಸಾಮಾನ್ಯವಾಗಿ ಕಡಿತ ಆಗೋದು ಮೂರರಿಂದ: ನಿದ್ದೆ, ಆಟ, ಎದುರಾಬದುರು ಕೂತ ಗೆಳೆತನ. ಮೂರೂ ಮನಸ್ಸಿಗೆ ಅನ್ನ ಇದ್ದಂಗೆ. ಹೈಟ್ ವಾದದ ಇನ್ನರ್ಧ ಕೂಡ ಇದೇ. ಮಕ್ಕಳ ಕೈಗೆ ಫೋನ್ ಬರುವ ಮೊದಲೇ ದೊಡ್ಡವರು ಅವರ ಬೀದಿ ಆಟ ಕಸಿದಿದ್ದರು ಅಂತ ಅವರು ಹೇಳುತ್ತಾರೆ. ಆ ಭಾಗ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬರೋದಿಲ್ಲ, ಯಾಕಂದ್ರೆ ಅದರಲ್ಲಿ ತಪ್ಪು ದೊಡ್ಡವರದು.

ಹಸಿರು, ಬಯಲು ಒಳ್ಳೆಯದು ಅನ್ನೋದಕ್ಕೂ ಆಧಾರ ಇದೆ. ಡೆನ್ಮಾರ್ಕ್‌ನಲ್ಲಿ 9 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಇಟ್ಟುಕೊಂಡು ಮಾಡಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ಕಡಿಮೆ ಹಸಿರಿನ ನಡುವೆ ಬೆಳೆದವರಿಗೆ ಮುಂದೆ ಮಾನಸಿಕ ಕಾಯಿಲೆ ಬರುವ ಅಪಾಯ ಶೇ 55ರವರೆಗೆ ಹೆಚ್ಚು ಕಂಡಿತು. ಇದು ಸಂಬಂಧ ತೋರಿಸುತ್ತದೆಯೇ ಹೊರತು ಗಿಡ ನೆಟ್ಟರೆ ಖಿನ್ನತೆ ಹೋಗುತ್ತೆ ಅಂತಲ್ಲ. ಕಣ್ಣಿನ ವಿಷಯದಲ್ಲಿ ಪುರಾವೆ ಇನ್ನೂ ಗಟ್ಟಿ. ತೈವಾನ್ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ನಡೆಸಿತು. ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದ ದೃಷ್ಟಿದೋಷದ ಪ್ರಮಾಣ ಇಳಿಯತೊಡಗಿತು. ಮಕ್ಕಳನ್ನು ಹೊರಗೆ ಕಳಿಸೋದು ಕೂಡ ಸರ್ಕಾರದ ಕೆಲಸ ಅಂತ ಆ ದೇಶ ಒಪ್ಪಿಕೊಂಡಿತು ಅನ್ನೋದು ಇಲ್ಲಿ ಮುಖ್ಯ.

ನಮ್ಮಲ್ಲಿ ಹೊರಗೆ ಅಂದರೆ ಎಲ್ಲಿ?

ಹಳ್ಳಿ ಅಂದ್ರೆ ಬಯಲು, ಬಯಲು ಅಂದ್ರೆ ಆಟ ಅಂದ್ಕೊಂಡಿದ್ದೇವೆ. ಶಾಲೆ ಬಿಟ್ಟ ಹೊತ್ತಿನಿಂದ ಕತ್ತಲಾಗೋವರೆಗಿನ ಎರಡು ತಾಸು ನೋಡಿ. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್, ಸೈಕಲ್ ತಗೊಂಡು ಹೋಗು ಅಂತ ಹೇಳೋಕೆ ತಾಯಿಗೆ ಧೈರ್ಯ ಸಾಲೋದಿಲ್ಲ. ಬೇಸಿಗೆಯಲ್ಲಿ ಐದರವರೆಗೆ ಬಿಸಿಲು ಬಿಡೋದಿಲ್ಲ. ಊರ ಪಕ್ಕದ ಗಾಯರಾಣ ಒತ್ತುವರಿ ಆಗಿರುತ್ತೆ, ಇಲ್ಲಾ ಕಸ ಚೆಲ್ಲೋ ಜಾಗ ಆಗಿರುತ್ತೆ. ಹೊಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನ ಅಂತ ಬರೆದ ಜಾಗದಲ್ಲಿ ಜಾಲಿ ಗಿಡ. ಎಸ್ಸೆಸ್ಸೆಲ್ಸಿ ಹುಡುಗರಿಗೆ ಆ ಎರಡು ತಾಸೂ ಟ್ಯೂಷನ್ನೇ.

ಅಂಗಡಿಕಾರರ ಮನೆಯ ಕಥೆ ಬೇರೆ. ಸಂಜೆ ಐದರಿಂದ ಒಂಬತ್ತು ಗಿರಾಕಿ ಹೊತ್ತು, ಗಂಡ ಹೆಂಡತಿ ಇಬ್ಬರೂ ಅಂಗಡಿಯಲ್ಲಿ. ಮಗು ಗಲ್ಲಾ ಹಿಂದೆ, ಕೈಯಲ್ಲಿ ಮೊಬೈಲ್. ಇದು ಅಸಡ್ಡೆ ಅಲ್ಲ, ಬೇರೆ ದಾರಿ ಇಲ್ಲದ್ದು. ಒಂದು ಎಚ್ಚರಿಕೆ ಮಾತ್ರ: ಮಗುವಿನ ಕೈಯಲ್ಲಿರೋದು ಫೋನ್‌ಪೇ ಇರುವ ಅದೇ ಫೋನು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿದೆ. ಹಾಗಂತ ಪಿನ್ ನಂಬರ್ ಮಗನಿಗೆ ಹೇಳಬೇಕಂತೇನಿಲ್ಲ.

ಹುಡುಗಿಯರದಂತೂ ಇನ್ನೂ ಬಿಗಿ. ಏಳನೇ ತರಗತಿ ದಾಟಿದರೆ ‘ಇನ್ನ ಹೊರಗ ಆಡೂದು ಸಾಕು’ ಅನ್ನೋ ಮಾತು ಬರುತ್ತೆ. ಆಮೇಲೆ ಅವಳ ಪಾಲಿಗೆ ಹೊರಜಗತ್ತು ಅಂದ್ರೆ ಅಣ್ಣನ ಫೋನಿನ ಪರದೆ. ಫೋನ್ ಹಿಡಿದದ್ದಕ್ಕೆ ಅವಳನ್ನು ಬೈಯುವ ಮೊದಲು, ಅವಳಿಗೆ ಬೇರೆ ಏನು ಬಿಟ್ಟಿದ್ದೇವೆ ಅಂತ ಮನೆಯವರು ಕೇಳಿಕೊಳ್ಳಬೇಕು.

ಶಾಲೆ ಗೇಟಿನ ಕೀಲಿ

ಪ್ರತಿ ಊರಲ್ಲೂ ಸಿದ್ಧವಾಗಿರೋ ಜಾಗ ಒಂದೇ: ಶಾಲೆ ಮೈದಾನ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಶಾಲೆಗೆ ಆಟದ ಮೈದಾನ ಇರಲೇಬೇಕು. ಆದರೆ ಸಂಜೆ ಗೇಟಿಗೆ ಬೀಗ. ಮುಖ್ಯ ಶಿಕ್ಷಕರನ್ನು ದೂರಿ ಫಲವಿಲ್ಲ. ಬೀಗ ಹಾಕದಿದ್ದರೆ ಮರುದಿನ ಮುಂಜಾನೆ ಬಾಟಲಿ ಚೂರು ಆರಿಸಬೇಕಾದವರು ಅವರೇ, ಕಿಟಕಿ ಗಾಜು ಒಡೆದರೆ ಉತ್ತರ ಹೇಳಬೇಕಾದವರೂ ಅವರೇ.

ಹಾಗಾಗಿ ಕೇಳಬೇಕಾದ್ದು ‘ಗೇಟ್ ತೆಗೀರಿ’ ಅಂತಲ್ಲ, ‘ಐದರಿಂದ ಆರೂವರೆ ನಮ್ಮ ಜವಾಬ್ದಾರಿ’ ಅಂತ. ಎಸ್‌ಡಿಎಂಸಿ ಸದಸ್ಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಊರಿನ ಯುವಕ ಸಂಘ ಪಾಳಿ ಹಾಕಿಕೊಂಡು ದಿನಕ್ಕೆ ಇಬ್ಬರು ಕೂತರೆ ಸಾಕು. ತಾಯಂದಿರು ಕೂತಿದ್ದರೆ ಹುಡುಗಿಯರೂ ಬರುತ್ತಾರೆ. ಒಂದು ಎಲ್‌ಇಡಿ ದೀಪ, ಎರಡು ವಾಲಿಬಾಲ್, ಒಂದು ನೆಟ್, ಖೊಖೊ ಕಂಬ: ಪೇಟೆಯ ವ್ಯಾಪಾರಸ್ಥರ ಸಂಘಕ್ಕೆ ಇದು ಗಣೇಶೋತ್ಸವದ ಒಂದು ದಿನದ ಖರ್ಚೂ ಆಗಲಿಕ್ಕಿಲ್ಲ. ಗಲ್ಲಾ ಹಿಂದೆ ಕೂತ ಮಕ್ಕಳಿಗೂ ಹೋಗಲು ಜಾಗ ಸಿಗುತ್ತೆ, ಲಾಭ ಅವರ ಮನೆಗೇ.

ಪಟ್ಟಣದ ಉದ್ಯಾನ, ಮೈದಾನಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ನಿಮ್ಮ ಬಡಾವಣೆಯ ಅನುಮೋದಿತ ನಕ್ಷೆಯಲ್ಲಿ ಉದ್ಯಾನದ ಜಾಗ ಯಾವುದು ಅಂತ ಪುರಸಭೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತೆ. ಅಲ್ಲಿ ಮಕ್ಕಳೇ ಎದ್ದು ನಿಂತು ಮೈದಾನ ಕೇಳಲಿ, ನಡಾವಳಿಯಲ್ಲಿ ಬರೆಸಲಿ. ಬರೆಸಿದ ಮೇಲೆ ಪಂಚಾಯಿತಿ ಉತ್ತರ ಕೊಡಬೇಕಾಗುತ್ತೆ.

ಇಷ್ಟಕ್ಕೇ ಮುಗಿಯದ್ದು

ಎಲ್ಲ ತೊಂದರೆಗೂ ಮೈದಾನವೇ ಮದ್ದಲ್ಲ. ಎರಡು ವಾರ ದಾಟಿದರೂ ಮಗು ಸರಿಯಾಗಿ ನಿದ್ದೆ ಮಾಡ್ತಿಲ್ಲ, ಊಟ ಬಿಟ್ಟಿದೆ, ಗೆಳೆಯರ ಸಹವಾಸ ಬಿಟ್ಟಿದೆ, ಮೊದಲು ಇಷ್ಟಪಡ್ತಿದ್ದ ಯಾವುದೂ ಬೇಡ ಅಂತಿದೆ ಅಂದ್ರೆ ‘ವಯಸ್ಸಿನ ಹುಡುಗಾಟ’ ಅಂತ ಬಿಡಬೇಡಿ. ಕೈ ಕೊಯ್ದುಕೊಂಡರೆ, ಸಾಯೋ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಸಿಟ್ಟಿನಲ್ಲಿ ಫೋನ್ ಕಸಿದು ಒಡೆದು ಹಾಕೋದು ಆಗ ಮದ್ದಲ್ಲ, ಹತ್ತಿರ ಕೂತು ಕೇಳೋದು ಮೊದಲ ಮದ್ದು.

ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ತಾಸೂ ಉಚಿತ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಕೇಳಿಕೊಂಡು ಹೋಗಿ. ನಮ್ಮ ಭಾಗಕ್ಕೆ ಧಾರವಾಡದ ಡಿಮ್ಹಾನ್ಸ್ ಕೂಡ ಇದೆ. ಮೊಬೈಲ್, ಗೇಮ್ ಚಟಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಪ್ರತ್ಯೇಕ ಕ್ಲಿನಿಕ್ ನಡೆಸುತ್ತಿದೆ.

ವಡಗಾಂವದ ಸೈರನ್‌ನಿಂದ ಕಲಿಯಬೇಕಾದ್ದು ಒಂದಿದೆ. ಅಲ್ಲಿ ಮಕ್ಕಳ ಫೋನ್ ಮಾತ್ರ ಬಂದ್ ಆಗಲಿಲ್ಲ, ಅಪ್ಪನ ವಾಟ್ಸ್ಆ್ಯಪ್, ಅವ್ವನ ಧಾರಾವಾಹಿಯೂ ಬಂದ್ ಆದವು. ಒಂದು ಮನೆಯಿಂದ ಆಗದ್ದನ್ನು ಇಡೀ ಊರು ಒಟ್ಟಿಗೆ ಮಾಡಿತು. ಹಾಗೇ ನಮ್ಮೂರ ಹುಡುಗ ಒಬ್ಬನೇ ಫೋನ್ ಬಿಟ್ಟು ಹೊರಬಂದರೆ ಖಾಲಿ ಬೀದಿ ನೋಡಿ ವಾಪಸ್ ಹೋಗ್ತಾನೆ. ಇಪ್ಪತ್ತು ಮಂದಿ ಇದ್ದರೆ ಕರೆಯೋದೇ ಬೇಕಾಗಿಲ್ಲ. ಈ ವಾರ ನಿಮ್ಮೂರ ಎಸ್‌ಡಿಎಂಸಿ ಅಧ್ಯಕ್ಷರು ಸಿಕ್ಕರೆ ಒಂದು ಮಾತು ಕೇಳಿ: ಶಾಲೆ ಗೇಟಿನ ಕೀಲಿ ಸಂಜೆ ಐದಕ್ಕೆ ಯಾರ ಹತ್ರ ಇರುತ್ತೆ?