ಕಡಲಡಿಯ ಸಮಾಧಿಗೂ ಕನ್ನ

1939ರ ಡಿಸೆಂಬರ್ 13. ದಕ್ಷಿಣ ಅಮೆರಿಕದ ಪ್ಲೇಟ್ ನದೀಮುಖದ ಬಳಿ ಜರ್ಮನಿಯ ಯುದ್ಧನೌಕೆ ‘ಗ್ರಾಫ್ ಸ್ಪೀ’ ಹಾರಿಸಿದ 11 ಅಂಗುಲದ ಗುಂಡುಗಳಿಗೆ ಬ್ರಿಟನ್ನಿನ ಭಾರೀ ಕ್ರೂಸರ್ ‘ಎಕ್ಸೆಟರ್’ ಜರ್ಜರಿತವಾಯಿತು. ಮುಖಕ್ಕೆ ಗಾಯವಾಗಿದ್ದರೂ ಅದರ ಕ್ಯಾಪ್ಟನ್ ಬೆಲ್ ಹಡಗಿನ ಹಿಂಬದಿಗೆ ಹೋಗಿ, ಸಣ್ಣ ದೋಣಿಯ ದಿಕ್ಸೂಚಿ ನೋಡಿಕೊಂಡು, ಸಾಲಾಗಿ ನಿಂತ ನಾವಿಕರ ಬಾಯಿಂದ ಬಾಯಿಗೆ ಆದೇಶ ದಾಟಿಸುತ್ತಾ ಹಡಗು ನಡೆಸಿದರು. 61 ಮಂದಿ ಸತ್ತರು.

ದುರಸ್ತಿಯಾಗಿ ಮತ್ತೆ ಕಡಲಿಗಿಳಿದ ಹಡಗು 1942ರ ಮಾರ್ಚ್ 1ರಂದು ಇಂದಿನ ಇಂಡೊನೇಷ್ಯಾದ ಜಾವಾ ಸಮುದ್ರದಲ್ಲಿ ಜಪಾನಿಯರ ದಾಳಿಗೆ ಮುಳುಗಿತು. ಬದುಕುಳಿದ ಅನೇಕರು ಸೆರೆಶಿಬಿರಗಳಲ್ಲಿ ಪ್ರಾಣಬಿಟ್ಟರು.

2007ರಲ್ಲಿ ಪತ್ತೆಯಾದ ಅವಶೇಷ 2016ರ ಹೊತ್ತಿಗೆ ಬಹುತೇಕ ಮಾಯ! ಗುಜರಿ ಲೋಹದ ಆಸೆಗೆ ಅದನ್ನು ಅಕ್ರಮವಾಗಿ ಕತ್ತರಿಸಿ ಒಯ್ದಿದ್ದರು. ನಾವಿಕರ ಗೋರಿಯನ್ನು ಕಿಲೋ ಲೆಕ್ಕದಲ್ಲಿ ಮಾರುವುದು ಹೇಯ ಕೃತ್ಯ. ಬ್ರಿಟನ್ ಬರೀ ಖಂಡಿಸಿದರೆ ಸಾಲದು. ಇಂಡೊನೇಷ್ಯಾದ ಜೊತೆ ಸೇರಿ ಅಲ್ಲಿ ಮುಳುಗಿರುವ ಉಳಿದ ಹಡಗುಗಳಿಗಾದರೂ ಗಸ್ತು ಹಾಕಿಸಬೇಕು, ಆ ಗುಜರಿ ಕೊಳ್ಳುವವರನ್ನೂ ಹಿಡಿಯಬೇಕು.